ಮನೆಯಲ್ಲೇ ಮಾಡಿದ ಡಿವಿಡಿಯಲ್ಲಿ ಸಮಯ ತಪ್ಪಾಗಿ ಕಾಣುತ್ತಿದ್ದರೆ

ಪರದೆಯ ಮೇಲೆ ಕಾಣುವ ಸಮಯವನ್ನು ಡಿವಿಡಿ ಪ್ಲೇಯರ್ ತಾನೇ ಅಳೆಯುವುದಿಲ್ಲ, ಡಿಸ್ಕಿನಲ್ಲಿ ಬರೆದಿಟ್ಟದ್ದನ್ನು ಓದಿ ತೋರಿಸುತ್ತದೆ. ಒಟ್ಟು ಅವಧಿ, ಡಿಸ್ಕಿನ ವಿವರಗಳನ್ನು ಇಟ್ಟಿರುವ ಐಎಫ್‌ಒ ಫೈಲಿನಲ್ಲಿರುತ್ತದೆ. ಓಡುತ್ತಿರುವ ಸಮಯಕ್ಕೆ ಬೇಕಾದ ಲೆಕ್ಕ, ಚಿತ್ರ ಮತ್ತು ಧ್ವನಿ ಇರುವ ವಿಒಬಿ ಫೈಲಿನೊಳಗೆ, ಸುಮಾರು ಅರ್ಧದಿಂದ ಒಂದು ಸೆಕೆಂಡಿಗೊಮ್ಮೆ ಬರುವ ನ್ಯಾವಿಗೇಶನ್ ಪ್ಯಾಕ್‌ ಎಂಬ ಚಿಕ್ಕ ಮಾಹಿತಿ ತುಣುಕುಗಳಲ್ಲಿ ಇರುತ್ತದೆ. ಚಿತ್ರ, ಧ್ವನಿ ಎರಡೂ ಸರಿಯಿದ್ದು ಸಮಯ ಮಾತ್ರ ಕೆಟ್ಟಿದ್ದರೆ ಖಾಲಿ ಡಿಸ್ಕಿನ ಬ್ರ್ಯಾಂಡ್ ಬದಲಿಸಿ ಪ್ರಯೋಜನವಿಲ್ಲ. ತಪ್ಪು ಇರುವುದು ಆಥರಿಂಗ್‌ನಲ್ಲಿ, ಅಂದರೆ ವಿಡಿಯೊವನ್ನು ಡಿವಿಡಿಯ ರೂಪಕ್ಕೆ ಜೋಡಿಸುವ ಹಂತದಲ್ಲಿ.

ಅದಕ್ಕೂ ಮೊದಲು ರಿಮೋಟ್‌ನ ಡಿಸ್‌ಪ್ಲೇ ಗುಂಡಿಯನ್ನು ಒಂದೊಂದಾಗಿ ನಾಲ್ಕೈದು ಸಲ ಒತ್ತಿ ನೋಡಿ. ಟೈಟಲ್‌ನಲ್ಲಿ (ಡಿಸ್ಕಿನ ಒಂದು ಇಡೀ ವಿಡಿಯೊ) ಕಳೆದದ್ದು, ಉಳಿದದ್ದು, ಚಾಪ್ಟರ್‌ನಲ್ಲಿ ಕಳೆದದ್ದು, ಉಳಿದದ್ದು ಹೀಗೆ ಬದಲಾಗುತ್ತಾ ಹೋಗುತ್ತದೆ. ಪ್ರತಿ ಚಾಪ್ಟರ್‌ಗೂ ಸಮಯ ಸೊನ್ನೆಯಿಂದ ಶುರುವಾಗುತ್ತಿದ್ದರೆ ಬಹುಶಃ ಪ್ಲೇಯರ್ ಚಾಪ್ಟರ್ ಸಮಯ ತೋರಿಸುತ್ತಿದೆ, ಇಷ್ಟೇ ವಿಷಯ.

ಕಂಪ್ಯೂಟರಿನಲ್ಲಿ ವಿಒಬಿ ಫೈಲನ್ನು ನೇರವಾಗಿ ತೆರೆದು ತೀರ್ಮಾನಕ್ಕೆ ಬರಬೇಡಿ. ಒಂದು ವಿಒಬಿ 1 ಜಿಬಿ ದಾಟುವಂತಿಲ್ಲ, ಹಾಗಾಗಿ ವಿಡಿಯೊ ತುಂಡಾಗಿಯೇ ಇರುತ್ತದೆ. ಒಂದೇ ತುಂಡನ್ನು ತೆರೆದಾಗ ಐಎಫ್‌ಒ ಲೆಕ್ಕಕ್ಕೇ ಬರುವುದಿಲ್ಲ, ಸಮಯ ಹೇಗೆ ಬೇಕಾದರೂ ಕಾಣಬಹುದು. ವಿಎಲ್‌ಸಿಯಲ್ಲಿ ‘ಓಪನ್ ಡಿಸ್ಕ್’ ಮೂಲಕ ಇಡೀ ವಿಡಿಯೊ_ಟಿಎಸ್ ಫೋಲ್ಡರನ್ನೇ ಕೊಡಿ.

ಒಂದು ಕ್ಲಿಪ್ ಮುಗಿದು ಇನ್ನೊಂದು ಶುರುವಾದಾಗ ಸಮಯ ಸೊನ್ನೆಗೆ ಹೋಗುತ್ತಿದೆಯೇ? ಹಾಗಾದರೆ ಪ್ರತಿ ಕ್ಲಿಪ್ಪೂ ಬೇರೆ ಟೈಟಲ್ ಆಗಿದೆ. ಆಥರಿಂಗ್ ಪ್ರಾಜೆಕ್ಟ್‌ನಲ್ಲಿ ಎಲ್ಲವನ್ನೂ ಒಂದೇ ಟೈಟಲ್‌ಗೆ ಸೇರಿಸಿ, ಕ್ಲಿಪ್ ಶುರುವಾಗುವಲ್ಲಿ ಚಾಪ್ಟರ್ ಇಡಿ. ಡಿವಿಡಿಆಥರ್ ಎಂಬ ಆಥರಿಂಗ್ ಪ್ರೋಗ್ರಾಂ ಬಳಸುವವರು ಹಲವು ಪಿಜಿಸಿ (ಯಾವ ತುಂಡು ಯಾವ ಕ್ರಮದಲ್ಲಿ ಓಡಬೇಕೆಂಬ ಪಟ್ಟಿ) ಬರೆಯುವ ಬದಲು ಒಂದೇ ಪಿಜಿಸಿಯೊಳಗೆ ಹಲವು ವಿಒಬಿ ಸಾಲು ಬರೆದರೆ ಸಾಕು.

ಹೆಚ್ಚು ಕಾಡುವುದು ಒಟ್ಟು ಅವಧಿಯೇ ತಪ್ಪಿರುವುದು ಅಥವಾ ಸಮಯ ಮಧ್ಯದಲ್ಲಿ ನೆಗೆಯುವುದು. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಎಂಪೆಗ್ ವಿಡಿಯೊ ಫೈಲುಗಳನ್ನು ಹಾಗೆಯೇ ಒಂದರ ಹಿಂದೊಂದು ಅಂಟಿಸಿದರೆ ಪ್ರತಿ ಜೋಡಣೆಯಲ್ಲೂ ಟೈಮ್‌ಸ್ಟ್ಯಾಂಪ್ (ಫೈಲಿನೊಳಗಿನ ಸಮಯದ ಗುರುತು) ಮತ್ತೆ ಮೊದಲಿಂದ ಶುರುವಾಗುತ್ತದೆ. ಕೊನೆಯ ಟೈಮ್‌ಸ್ಟ್ಯಾಂಪಿನಿಂದ ಮೊದಲನೆಯದನ್ನು ಕಳೆದು ಅವಧಿ ಹಾಕುವ ಪ್ರೋಗ್ರಾಂ ಅಲ್ಲಿ ಎಡವುತ್ತದೆ. ಎರಡನೆಯದು, ವಿಒಬಿಯನ್ನು ಕತ್ತರಿಸಿ ಹಳೆಯ ಐಎಫ್‌ಒವನ್ನೇ ಉಳಿಸಿಕೊಂಡಿರುವುದು.

ಅವಧಿ ಐಎಫ್‌ಒದಲ್ಲೇ ತಪ್ಪಿದೆಯೇ ಎಂದು ತಿಳಿಯಲು ಐಎಫ್‌ಒಎಡಿಟ್ ಎಂಬ ಪ್ರೋಗ್ರಾಂನಲ್ಲಿ ವಿಟಿಎಸ್_01_0 ಐಎಫ್‌ಒ ತೆರೆದು ವಿಟಿಎಸ್_ಪಿಜಿಸಿಐಟಿಐ ಒಳಗಿನ ಮೊದಲ ಪಿಜಿಸಿಗೆ ಹೋಗಿ. ಪ್ಲೇಬ್ಯಾಕ್ ಟೈಮ್ ಎಂಬ ಸಾಲಿನಲ್ಲಿ ಗಂಟೆ, ನಿಮಿಷ, ಸೆಕೆಂಡು, ಕೊನೆಯಲ್ಲಿ ಫ್ರೇಮ್ ಸಂಖ್ಯೆ ಇರುತ್ತವೆ. 01:12:40 ಇರಬೇಕಾದಲ್ಲಿ 00:18:05 ಇದ್ದರೆ ಪ್ಲೇಯರ್ ತೋರಿಸುವುದೂ ಅದನ್ನೇ. ಆ ಅಂಕಿಯನ್ನು ಕೈಯಾರೆ ತಿದ್ದುವ ಆಸೆ ಬೇಡ: ಸೆಲ್‌ಗಳ (ಪಿಜಿಸಿಯೊಳಗಿನ ತುಂಡುಗಳ) ಅವಧಿ, ಟೈಮ್ ಮ್ಯಾಪ್ (ಯಾವ ಸಮಯ ಡಿಸ್ಕಿನಲ್ಲಿ ಎಲ್ಲಿದೆ ಎಂಬ ಪಟ್ಟಿ), ನ್ಯಾವಿಗೇಶನ್ ಪ್ಯಾಕ್ ಎಲ್ಲವೂ ಹಳೆಯದಾಗಿಯೇ ಉಳಿಯುತ್ತವೆ. ಅದೇ ಪ್ರೋಗ್ರಾಂನ ‘ಗೆಟ್ ವಿಟಿಎಸ್ ಸೆಕ್ಟರ್ಸ್’ ಗುಂಡಿ ಕೂಡ ಸರಿಪಡಿಸುವುದು ಸೆಕ್ಟರ್ ವಿಳಾಸಗಳನ್ನು, ಸಮಯವನ್ನಲ್ಲ.

ಮೂಲ ಕ್ಲಿಪ್‌ಗಳು ಇನ್ನೂ ಇದ್ದರೆ ಅಂಟಿಸದೆ, ಬಿಡಿಬಿಡಿಯಾಗಿಯೇ ಒಂದು ಟೈಟಲ್‌ಗೆ ಕೊಟ್ಟು ಮತ್ತೆ ಆಥರ್ ಮಾಡಿ. ಇದೇ ಒಳ್ಳೆಯ ದಾರಿ. ಡಿಸ್ಕ್ ಮಾತ್ರ ಉಳಿದಿದ್ದರೆ ಹೀಗೆ ಮಾಡಿ:

1. ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿ.
2. ಪಿಜಿಸಿಡೀಮಕ್ಸ್ ಎಂಬ ಪ್ರೋಗ್ರಾಂನಲ್ಲಿ ವಿಡಿಯೊ, ಆಡಿಯೊ ಬೇರ್ಪಡಿಸಿ. ಲಾಗ್ ಫೈಲಿನಲ್ಲಿರುವ ಆಡಿಯೊ ಡಿಲೇಯನ್ನು (ಚಿತ್ರಕ್ಕೂ ಧ್ವನಿಗೂ ಇರುವ ಸಮಯದ ವ್ಯತ್ಯಾಸ) ಬರೆದಿಟ್ಟುಕೊಳ್ಳಿ.
3. ಮಕ್ಸ್‌ಮ್ಯಾನ್ ಎಂಬ ಆಥರಿಂಗ್ ಪ್ರೋಗ್ರಾಂನಲ್ಲಿ ಎರಡನ್ನೂ ಸೇರಿಸಿ, ಆ ಡಿಲೇಯನ್ನು ಮಿಲಿಸೆಕೆಂಡಿನಲ್ಲಿ ಕೊಟ್ಟು ಹೊಸದಾಗಿ ಆಥರ್ ಮಾಡಿ.

ಮತ್ತೆ ಎನ್‌ಕೋಡ್ ಮಾಡದಿರುವುದರಿಂದ ಚಿತ್ರದ ಗುಣಮಟ್ಟ ಕುಗ್ಗದು. ಆದರೆ ಜೋಡಣೆಯ ಜಾಗಗಳಲ್ಲಿ ತುಟಿಯ ಚಲನೆಗೂ ಮಾತಿಗೂ ಹೊಂದಿಕೆಯಿದೆಯೇ ಎಂದು ಕಡ್ಡಾಯವಾಗಿ ನೋಡಿ.

ಸಮಯದ ಜಾಗದಲ್ಲಿ ಬರೀ ಗೆರೆಗಳು ಕಂಡರೆ ಆ ಟೈಟಲ್ ಒಂದಕ್ಕಿಂತ ಹೆಚ್ಚು ಪಿಜಿಸಿಗಳಿಂದ ಆಗಿರಬಹುದು. ಅಂಥ ಟೈಟಲ್‌ಗೆ ಒಟ್ಟು ಸಮಯದ ಲೆಕ್ಕ ಸಿಗದು, ಟೈಮ್ ಸರ್ಚ್ (ಸಮಯ ಕೊಟ್ಟು ಆ ಜಾಗಕ್ಕೆ ಹೋಗುವುದು) ಕೂಡ ನಡೆಯದು. ಒಂದೇ ಪಿಜಿಸಿಗೆ ಇಳಿಸಿ.

ಗಂಟೆಗೆ ಸುಮಾರು 3.6 ಸೆಕೆಂಡು ಕಡಿಮೆ ತೋರಿಸುವುದು ದೋಷವೇ ಅಲ್ಲ. ಎನ್‌ಟಿಎಸ್‌ಸಿ ಎಂಬ ಟಿವಿ ಮಾದರಿಯ ವಿಡಿಯೊ ಸೆಕೆಂಡಿಗೆ 29.97 ಫ್ರೇಮ್ ಓಡುತ್ತದೆ, ಐಎಫ್‌ಒ ಎಣಿಸುವುದು 30ರ ಲೆಕ್ಕದಲ್ಲಿ. 25 ಫ್ರೇಮಿನ ಪಾಲ್ ಮಾದರಿಯ ಡಿಸ್ಕಿನಲ್ಲಿ ಈ ವ್ಯತ್ಯಾಸ ಬರುವುದಿಲ್ಲ.

ಬರ್ನ್ ಮಾಡುವ ಮುನ್ನ ಹೊಸ ಫೋಲ್ಡರನ್ನು ವಿಎಲ್‌ಸಿಯಲ್ಲಿ ಓಡಿಸಿ, ಬಳಿಕ ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯು ಡಿಸ್ಕಿಗೆ ಬರೆದು ಪ್ಲೇಯರ್‌ನಲ್ಲಿ ಟೈಮ್ ಸರ್ಚ್ ಮಾಡಿ. ನಿಮಗೆ ಗೊತ್ತಿರುವ ಒಂದು ದೃಶ್ಯದ ಸಮಯ ಕೊಟ್ಟಾಗ ಒಂದೆರಡು ಸೆಕೆಂಡಿನ ಆಚೀಚೆ ಅದೇ ದೃಶ್ಯ ಬಂದರೆ ಮಾತ್ರ ಡಿವಿಡಿ-ಆರ್ ಹಾಕಿ.