ಪಾಯಿಂಟ್ ಡ್ಯಾಮೇಜ್‌ಗೆ ಹಾಕೋದಾ, ಜೀವಕ್ಕೆ ಹಾಕೋದಾ?

ಕಳೆದ ಮಳೆಗಾಲದಲ್ಲಿ ಚಿಕ್ಕಪ್ಪನ ಮಗ ವಿರಾಜಪೇಟೆಯಿಂದ ಬಂದು ಮೂರು ದಿನ ನಮ್ಮ ಮನೆಯಲ್ಲೇ ಇದ್ದ. ಹೊರಗೆ ಕಾಲಿಡೋ ಹಾಗಿರಲಿಲ್ಲ, ಎಲ್ಡೆನ್ ರಿಂಗ್ ಅನ್ನೋ ವಿಡಿಯೋ ಗೇಮ್ ಶುರು ಮಾಡಿದ. ಲೆವೆಲ್ ಏರಿದಾಗ ಸಿಕ್ಕ ಪಾಯಿಂಟ್ ಎಲ್ಲ ಸ್ಟ್ರೆಂತ್‌ಗೇ, ಅಂದರೆ ಹೊಡೆತದ ಬಲಕ್ಕೇ ಹಾಕಿದ. ಶುರುವಿನಲ್ಲೇ ಎದುರಾಗೋ ದೊಡ್ಡ ಶತ್ರು (ಬಾಸ್) ಮಾರ್ಗಿಟ್ ಕೋಲು ಎತ್ತಿ, ಸ್ವಲ್ಪ ತಡೆದು ಆಮೇಲೆ ಹೊಡೀತಾನಲ್ಲ, ಇವನು ಕೋಲು ಎತ್ತಿದ ಕೂಡಲೇ ಉರುಳಿ, ಎದ್ದು ನಿಲ್ಲೋ ಹೊತ್ತಿಗೆ ಸರಿಯಾಗಿ ತಲೆ ಮೇಲೆ ಬೀಳುತ್ತಿತ್ತು. ಎರಡೇ ಪೆಟ್ಟು, ಮುಗೀತು. "ಡ್ಯಾಮೇಜ್ ಸಾಲ್ತಿಲ್ಲ ಅಣ್ಣಾ" ಅಂತ ಮತ್ತೆ ಸ್ಟ್ರೆಂತ್ ಏರಿಸೋಕೆ ಹೊರಟಿದ್ದ.

ಸಾಲದೇ ಇದ್ದದ್ದು ಡ್ಯಾಮೇಜ್ ಅಲ್ಲ. ಬಾಸ್ ಮುಂದೆ ನಿಂತು ಒಂದೇ ಲೆಕ್ಕ ಮಾಡಿ: ಅವನ ದೊಡ್ಡ ಪೆಟ್ಟು ಎಷ್ಟು ತಡೆಯುತ್ತೀರಿ? ಒಂದಕ್ಕೇ ಸತ್ತರೆ ಮುಂದಿನ ಪಾಯಿಂಟ್‌ಗಳೆಲ್ಲ ಜೀವಕ್ಕೆ. ಎರಡು ಪೆಟ್ಟು ತಿಂದೂ ಜೀವ ತುಂಬುವ ಫ್ಲಾಸ್ಕ್ ಕುಡಿಯೋಕೆ ಸಮಯ ಉಳಿದರೆ ಸಾಕು, ಡ್ಯಾಮೇಜ್ ಕಡೆ ಹೋಗಿ. ಐದು ಪೆಟ್ಟು ತಡೆಯುತ್ತೀರಿ ಅಂದರೆ ಅದೂ ತಪ್ಪು, ಜಗಳ ಉದ್ದ ಆಗುತ್ತೆ, ಕೈ ಸೋಲುತ್ತೆ, ಕೊನೆಗೆ ಸುಮ್ನೆ ಒಂದು ಸಣ್ಣ ತಪ್ಪಿಗೆ ಸಾಯುತ್ತೀರಿ.

ಎಲ್ಡೆನ್ ರಿಂಗ್‌ನಲ್ಲಿ ಜೀವ ಹೆಚ್ಚಿಸೋ ಪಾಯಿಂಟ್‌ಗೆ ವಿಗರ್ ಅಂತ ಹೆಸರು. ವಿಗರ್ 40 ಆದಾಗ ಎಚ್‌ಪಿ, ಅಂದರೆ ಜೀವದ ಅಳತೆ, 1450. 60ಕ್ಕೆ 1900. ಅಲ್ಲಿಂದ 99ರ ತನಕ ಹೋದರೆ 2100, ಅಂದರೆ 39 ಲೆವೆಲ್ ಸುರಿದು ಸಿಗೋದು ಬರೀ 200! ಅದಕ್ಕೇ ನಾನು 40 ಮುಟ್ಟೋ ತನಕ ವಿಗರ್‌ಗೆ ಕೈಬಿಚ್ಚಿ ಹಾಕುತ್ತೇನೆ, ಆಟದ ಕೊನೆ ಭಾಗಕ್ಕೆ ಬಂದಾಗ 60, ಅಲ್ಲಿಗೆ ನಿಲ್ಲಿಸುತ್ತೇನೆ.

ಹಾಗಾದರೆ ಡ್ಯಾಮೇಜ್ ಎಲ್ಲಿಂದ ಬರಬೇಕು? ಮೊದಲು ಆಯುಧವನ್ನು ಅಪ್‌ಗ್ರೇಡ್ ಮಾಡಿ. ಆಟದ ಶುರುವಿನಲ್ಲಿ ಅದರಿಂದ ಸಿಗುವಷ್ಟು ಸ್ಟ್ರೆಂತ್‌ನಿಂದ ಸಿಗೋದಿಲ್ಲ. ಇನ್ನೊಂದು, ಆಯುಧವನ್ನು ಎರಡೂ ಕೈಯಲ್ಲಿ ಹಿಡಿದರೆ ಸ್ಟ್ರೆಂತ್ ಒಂದೂವರೆ ಪಟ್ಟು ಅಂತ ಆಟ ಲೆಕ್ಕ ಹಾಕುತ್ತೆ. 40 ಇದ್ದರೆ 60. ಪುಕ್ಕಟೆ 20 ಪಾಯಿಂಟ್, ಅದನ್ನು ವಿಗರ್‌ಗೆ ಕೊಡಿ. ಕೈಗೊಂದರಂತೆ ಜೋಡಿಯಾಗೇ ಬರುವ ಆಯುಧಗಳಿಗೆ ಮಾತ್ರ ಇದು ಸಿಗೋದಿಲ್ಲ. ತಮ್ಮನಿಗೆ ಇಷ್ಟೇ ಹೇಳಿಕೊಟ್ಟೆ, ಮಾರನೇ ದಿನ ಸಂಜೆ ಮಾರ್ಗಿಟ್ ಬಿದ್ದ.

ಪಾತ್ ಆಫ್ ಎಕ್ಸೈಲ್ ಅನ್ನೋ ಆನ್‌ಲೈನ್ ಆಟ ಆಡುವವರಿಗೆ ಎಚ್‌ಪಿಗಿಂತ ಮೊದಲು ರೆಸಿಸ್ಟೆನ್ಸ್, ಅಂದರೆ ಬೀಳೋ ಡ್ಯಾಮೇಜಿನಲ್ಲಿ ಶೇಕಡಾ ಎಷ್ಟು ತಡೆಯುತ್ತೀರಿ ಅನ್ನೋದು. ಬೆಂಕಿ, ಚಳಿ, ಮಿಂಚು ಮೂರಕ್ಕೂ ಸಾಮಾನ್ಯ ಮಿತಿ 75%. 1000 ಡ್ಯಾಮೇಜಿನ ಬೆಂಕಿ ಬಿದ್ದರೆ 75ರಲ್ಲಿ ನಿಮಗೆ ತಗಲೋದು 250. ಕಥೆಯ ಐದನೇ ಆಕ್ಟ್ (ಭಾಗ) ಮುಗಿದ ಕೂಡಲೇ ಆಟ ಈ ರೆಸಿಸ್ಟೆನ್ಸ್‌ನಿಂದ 30 ಕಿತ್ತುಕೊಳ್ಳುತ್ತೆ. ಸರಿಯಾಗಿ 75 ಇದ್ದವರು 45ಕ್ಕೆ ಇಳಿದು ಅದೇ ಬೆಂಕಿಗೆ 550 ತಿನ್ನುತ್ತಾರೆ. ಹತ್ತನೇ ಆಕ್ಟ್ ಆದ ಮೇಲೆ ಇನ್ನೊಂದು 30 ಹೋಗುತ್ತೆ. "ನಿನ್ನೆ ತನಕ ಚೆನ್ನಾಗಿತ್ತು, ಇವತ್ತು ಯಾಕೋ ಸಾಯ್ತಿದ್ದೀನಿ" ಅನ್ನುವವರಲ್ಲಿ ಹೆಚ್ಚಿನವರ ಕಥೆ ಇದೇ. ಉಂಗುರ, ಬೂಟು ಬದಲಿಸಿ ಮೊದಲು 75ಕ್ಕೆ ತನ್ನಿ. ಹತ್ತನೇ ಆಕ್ಟ್ ನಂತರ ಒಂದು ಸಾವಿಗೆ ಆ ಲೆವೆಲ್‌ಗೆ ಬೇಕಾದ ಎಕ್ಸ್‌ಪೀರಿಯೆನ್ಸ್‌ನಲ್ಲಿ 10% ಹೋಗುತ್ತೆ, ನೆನಪಿರಲಿ.

ಇನ್ನು ನಮ್ಮ ಕೊಡಗಿನವರಿಗೆ ಅಂತಲೇ ಒಂದು ಮಾತು. ಜುಲೈನಲ್ಲಿ ಮರ ಬಿದ್ದು ಲೈನ್ ಹೋಗುತ್ತೆ, ಇನ್ವರ್ಟರ್ ಮೇಲೆ ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್, ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರೋ ಸಮಯ) ಯಾವಾಗ ಎಗರುತ್ತೆ ಅಂತ ಹೇಳೋಕಾಗಲ್ಲ. ಬೆಂಗಳೂರಿನಲ್ಲಿ ಫೈಬರ್ ಇಂಟರ್ನೆಟ್ ಇಟ್ಟುಕೊಂಡವರ ಬಿಲ್ಡ್ (ಪಾಯಿಂಟ್, ಸಾಮಾನು ಜೋಡಿಸಿಕೊಂಡ ರೀತಿ) ನೋಡಿ ಹಾಗೇ ನಕಲು ಮಾಡಬೇಡಿ. ಸರಿಯಾದ ಕ್ಷಣಕ್ಕೆ ಬಟನ್ ಒತ್ತಿ ತಪ್ಪಿಸಿಕೊಳ್ಳುವ ಬಿಲ್ಡ್ ಮಳೆಗಾಲದಲ್ಲಿ ನಡೆಯಲ್ಲ, ನೀವು ಒತ್ತಿದ್ದು ಸರ್ವರ್‌ಗೆ ಮುಟ್ಟೋದರೊಳಗೆ ಪೆಟ್ಟು ಬಿದ್ದಿರುತ್ತೆ. ಬಟನ್ ಒತ್ತದೆಯೂ ಕೆಲಸ ಮಾಡುವ ರಕ್ಷಣೆ ಬೇಕು: ಜಾಸ್ತಿ ಲೈಫ್, ಆರ್ಮರ್, ತಾನಾಗೇ ತುಂಬಿಕೊಳ್ಳುವ ರೀಜನ್. ಪಾತ್ ಆಫ್ ಎಕ್ಸೈಲ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕಿಂಗ್ ಮೋಡ್ ಕೂಡ, ಪ್ರತಿ ಸಲ ಸರ್ವರ್ ಉತ್ತರಕ್ಕೆ ಕಾಯೋ ಲಾಕ್‌ಸ್ಟೆಪ್‌ನಿಂದ ಕಾಯದೇ ಮುಂದುವರಿಯೋ ಪ್ರಿಡಿಕ್ಟಿವ್‌ಗೆ ಬದಲಿಸಿ.

ನಾನು ಜೂನ್‌ಗೆ ಮೊದಲೇ ಹಾಕಿದ ಪಾಯಿಂಟ್ ವಾಪಸ್ ತೆಗೆಯೋಕೆ ಬೇಕಾದ ಆರ್ಬ್ ಆಫ್ ರಿಗ್ರೆಟ್ ಒಂದಷ್ಟು ಕೂಡಿಟ್ಟು ಡ್ಯಾಮೇಜ್ ಪಾಯಿಂಟ್ ತೆಗೆದು ಲೈಫ್‌ಗೆ ಹಾಕುತ್ತೇನೆ. ಮಳೆ ಬಿಟ್ಟು ಕರೆಂಟ್ ನೆಟ್ಟಗಾದ ಮೇಲೆ ವಾಪಸ್ ಡ್ಯಾಮೇಜ್‌ಗೆ.