ಲಿಂಕ್ ಕಳಿಸುವುದನ್ನು ಬಿಟ್ಟ ಮೇಲೆ ಕೇಳುವವರು ಬಂದರು

ಶಿರಸಿ ಸೀಮೆಯ ಹಳ್ಳಿಮನೆಗಳಲ್ಲಿ ಹಿಂದೂಸ್ತಾನಿ ಸಂಗೀತದ ಹಳೆಯ ಧ್ವನಿಮುದ್ರಣ ಕೇಳಲೆಂದೇ ಜನ ಸೇರುತ್ತಾರೆ, ಒಂದೂವರೆ ತಾಸು ಕದಲದೆ ಕೂರುತ್ತಾರೆ ಎಂದರೆ ನಾಲ್ಕೈದು ವರ್ಷದ ಹಿಂದೆ ಯಾರೂ ಒಪ್ಪುತ್ತಿರಲಿಲ್ಲ. “ಎಲ್ಲರ ಕಿಸೆಯಲ್ಲೂ ಮೊಬೈಲ್ ಇದೆ. ಬೇಕಾದವರು ಮನೆಯಲ್ಲೇ ಕೇಳಿಕೊಳ್ಳುತ್ತಾರೆ ಭಾವ, ನೀನು ಯಾಕೆ ದುಡ್ಡು ಕಳೆದುಕೊಳ್ಳುತ್ತೀಯೆ?” ಎಂದವರು ಸ್ವತಃ ತಬಲಾ ಬಲ್ಲವರು. ಈಗ ತಿಂಗಳು ಹುಟ್ಟಿದರೆ ಸಾಕು, “ಈ ಸಲ ಯಾರ ಮನೆ?” ಎಂದು ಅವರೇ ಫೋನ್ ಮಾಡುತ್ತಾರೆ. ಕಡಿಮೆಯೆಂದರೆ 25 ಜನ, ಹೆಚ್ಚೆಂದರೆ 50ರ ಆಸುಪಾಸು. ನಮ್ಮಲ್ಲೂ ಹೀಗೊಂದು ಶುರು ಮಾಡಬೇಕು, ಹೇಗೆ ಮಾಡಿದಿರಿ ಎಂದು ಸಿದ್ದಾಪುರ, ಯಲ್ಲಾಪುರ, ಹೊನ್ನಾವರದ ಕಡೆಯ ಸಂಗೀತದ ಗೆಳೆಯರು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕತೆ. ಶುರುವಾದದ್ದು ವಾಟ್ಸಾಪ್ ಗುಂಪಿನಿಂದ. ಅದಕ್ಕೆ ಖರ್ಚಿರಲಿಲ್ಲ, ಫಲವೂ ಇರಲಿಲ್ಲ. ಹತ್ತಿರ ಹತ್ತಿರ 120 ಜನರಿದ್ದರು. ದಿನಕ್ಕೊಂದು ಲಿಂಕ್, ಜೊತೆಗೆ ನಾಲ್ಕು ಸಾಲಿನ ಟಿಪ್ಪಣಿ. 50 ನಿಮಿಷದ ಮುಲ್ತಾನಿ ರಾಗ ಕಳಿಸಿದ ಎರಡು ನಿಮಿಷಕ್ಕೆಲ್ಲ “ಅದ್ಭುತ” ಎಂದು ಉತ್ತರ ಬರುತ್ತಿತ್ತು. ಅಷ್ಟು ಹೊತ್ತಿಗೆ ಗಾಯಕರು ಆರಂಭದ ನಿಷಾದವನ್ನೇ, ಆ ಕೆಳಗಿನ ‘ನಿ’ ಸ್ವರವನ್ನೇ ಬಿಟ್ಟು ಮೇಲೆ ಹೋಗಿರುವುದಿಲ್ಲ. ಆರೇಳು ತಿಂಗಳು ನಡೆಸಿದೆ. ಪೇಟೆಯಲ್ಲಿ ಎದುರು ಸಿಕ್ಕಾಗ ಯಾರೊಬ್ಬರೂ ಹಾಡಿನ ಮಾತೆತ್ತಲಿಲ್ಲ. ಮುಚ್ಚಿಬಿಟ್ಟೆ.

ಆಮೇಲೆ ಶಿರಸಿಯಲ್ಲಿ ಸಭಾಂಗಣ ಹಿಡಿದದ್ದು. ಬಾಡಿಗೆ 4 ಸಾವಿರ, ಧ್ವನಿವರ್ಧಕಕ್ಕೆ 5 ಸಾವಿರ, ಫ್ಲೆಕ್ಸ್, ಅವಲಕ್ಕಿ-ಚಹಾ ಎಲ್ಲ ಸೇರಿ 12 ಸಾವಿರದ ಹತ್ತಿರ ಹೋಯಿತು. ಬಂದವರು ಇಪ್ಪತ್ತು ಚಿಲ್ಲರೆ ಜನ. ಕುರ್ಚಿಗಳ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಕೂತರು. ಮದುವೆ ಮೆರವಣಿಗೆಗೆ ಹೊಂದಿಸಿದ ಧ್ವನಿವರ್ಧಕದ ಪೆಟ್ಟಿಗೆಗಳವು. ತಬಲಾ ಜೋಡಿಯ ಡಗ್ಗಾ ಗುಡುಗಿತು, ತಂಬೂರಿ ಇದೆಯೋ ಇಲ್ಲವೋ ತಿಳಿಯಲಿಲ್ಲ. ತಂಬೂರಿಯೇ ಕೇಳದಿದ್ದರೆ ಖ್ಯಾಲ್ ಗಾಯನ ಕೇಳಿ ಏನು ಪ್ರಯೋಜನ? ಕಾಣಿಕೆ ಡಬ್ಬಿಯಲ್ಲಿ ಸಾವಿರದ ನೂರೋ ಇನ್ನೂರೋ ಬಿದ್ದಿತ್ತು. ಕುಮಟಾದಲ್ಲಿ ಇನ್ನೊಂದು ಸಲ ನೋಡಿದೆ. ಅಲ್ಲಿ ಉಪನ್ಯಾಸ ಸೇರಿಸಿ, ತುಣುಕು ತುಣುಕಾಗಿ ಹಾಡು ಕೇಳಿಸುವ ಏರ್ಪಾಡು. 8-9 ಸಾವಿರ ಕೈಬಿಟ್ಟಿತು. ಮಾತು ಮುಗಿಯುವಷ್ಟರಲ್ಲಿ ಕೊನೆಯ ಬಸ್ಸಿನವರು ಎದ್ದು ಹೊರಟಿದ್ದರು.

ದಾರಿ ತೋರಿಸಿದ್ದು ಕೊನೆಕೊಯ್ಲು, ಅಂದರೆ ಅಡಿಕೆಯ ಕೊಯ್ಲು. ಆ ದಿನಗಳಲ್ಲಿ ನಮ್ಮ ಕಡೆ ರಾತ್ರಿ ಯಾರನ್ನೂ ಎಲ್ಲಿಗೂ ಕರೆಯುವ ಹಾಗಿಲ್ಲ. ಹಸಿ ಅಡಿಕೆ ಸುಲಿದು ಬೇಯಿಸಿ ಒಣಹಾಕುವುದರಲ್ಲೇ ಎಲ್ಲರೂ ಮುಳುಗಿರುತ್ತಾರೆ. ಒಟ್ಟಿಗೆ ಕೂತು ಹಾಡು ಕೇಳುವ ಬೈಠಕ್ಕಿಗೆ ಜನ ಬರಲಾಗದಿದ್ದರೆ ಅವರಿದ್ದಲ್ಲೇ ಹಾಡನ್ನು ಇಡೋಣ ಎಂದು ನಮ್ಮ ಮನೆಯಲ್ಲಿ ಸುಲಿಯುವ ಜಾಗಕ್ಕೆ ಎರಡು ಸಣ್ಣ ಸ್ಪೀಕರ್ ತಂದಿಟ್ಟೆ. ಮೊದಲು ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಪದ್ಯ. ಅವರು ತೀರಿಕೊಂಡದ್ದು 1990ರಲ್ಲಿ, ಆದರೆ ಆ ಕ್ಯಾಸೆಟ್ ಹಾಕಿದರೆ ಇವತ್ತಿಗೂ ಬಡಗುತಿಟ್ಟಿನ ಸೀಮೆಯಲ್ಲಿ ಮಾತು ತಾನಾಗಿ ನಿಲ್ಲುತ್ತದೆ. ಅದರ ಬೆನ್ನಿಗೇ, ಏನೂ ಹೇಳದೆ, ಮಲ್ಲಿಕಾರ್ಜುನ ಮನ್ಸೂರರ ನಟಬಿಹಾಗ ರಾಗ.

ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರಿಗೆ ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವಿದೆ. ಅರ್ಧಕ್ಕೆ ಎದ್ದು ಹೋಗುವಂತಿಲ್ಲ, ಮೊಬೈಲ್ ಮುಟ್ಟುವಂತಿಲ್ಲ. ಹಾಡು ನಡೆಯುತ್ತಿದ್ದಾಗ ಎದುರಿಗೆ ಕೂತ ಒಬ್ಬ ಹೆಂಗಸನ್ನು ಗಮನಿಸಿದೆ. ಸುಲಿದ ಅಡಿಕೆಗಳನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದು, ತ್ರಿತಾಲದ 16 ಮಾತ್ರೆ ಸುತ್ತಿ ಮನ್ಸೂರರು ಸಮ್ಮಿಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದಾಗ ಬುಟ್ಟಿಗೆ ಬಿಡುತ್ತಿದ್ದರು. ಮುಂದಿನ ಆವರ್ತನದಲ್ಲೂ ಹಾಗೆಯೇ, ಅದರ ಮುಂದೆಯೂ ಹಾಗೆಯೇ. ಸಂಗೀತದ ಪಾಠ ಹೇಳಿಸಿಕೊಂಡವರಲ್ಲ, ಸಮ್ ಎಂಬ ಶಬ್ದವನ್ನು ಕೇಳಿದವರೂ ಅಲ್ಲ. ಮನ್ಸೂರರ ಜಯಪುರ ಘರಾಣೆಯ ಗಾಯನಶೈಲಿ ಕಷ್ಟ, ತಿಳಿದವರಿಗೆ ಮಾತ್ರ ಎಂದು ನಮ್ಮವರೇ ಹೇಳುತ್ತಾ ಬಂದಿದ್ದಾರೆ. ಅಂದಿನಿಂದ ನಾನು ಆ ಮಾತನ್ನು ಒಪ್ಪುವುದಿಲ್ಲ. ಎರಡು ದಿನ ಬಿಟ್ಟು ಅವರೇ “ಆ ಅಜ್ಜನ ಹಾಡು ಹಾಕಿ ಒಡೆಯಾ” ಎಂದು ಕೇಳಿದರು. ಆ ಹಂಗಾಮಿನಲ್ಲಿ ವಾರಕ್ಕೆರಡು ರಾತ್ರಿ ನಡೆಯಿತು. ಪಕ್ಕದ ಮನೆಗಳಿಂದ ಸುಲಿಯಲು ಇಲ್ಲದವರೂ ಬಂದು ಕೂರತೊಡಗಿದರು.

ಈಗ ನಡೆಸುವ ಕ್ರಮವೆಲ್ಲ ಅಲ್ಲಿಂದ ಬಂದದ್ದು. ಬೈಠಕ್ ಮನೆಯಲ್ಲೇ ಆಗಬೇಕು, ಪ್ರತಿ ತಿಂಗಳು ಬೇರೆ ಮನೆ. ಕುರ್ಚಿ ಇಲ್ಲ, ಜಮಖಾನ. ವಯಸ್ಸಾದವರಿಗೆ ಗೋಡೆಯ ಆಸರೆ. ಒಂದೇ ಕಛೇರಿಯ ಧ್ವನಿಮುದ್ರಣ, ತಂಬೂರಿ ಸೇರಿಸುವಲ್ಲಿಂದ ಹಿಡಿದು ಕೊನೆಯ ತನಕ. ಸ್ಟುಡಿಯೋದಲ್ಲಿ ಅಳೆದು ಹಾಡಿದ 20 ನಿಮಿಷದ ರಾಗವನ್ನು ನಾನು ಬೈಠಕ್ಕಿಗೆ ತರುವುದಿಲ್ಲ. ಎದುರಿಗೆ ಜನರಿರುವಾಗ ಗಾಯಕ ಒಂದು ಜಾಗದಲ್ಲಿ ಸಿಕ್ಕಿ, ಮತ್ತೆ ಮತ್ತೆ ಅದನ್ನೇ ಹುಡುಕಿ, ಕೊನೆಗೆ ಹೊರಬರುವುದಿದೆಯಲ್ಲ, ಕೇಳಬೇಕಾದದ್ದೇ ಅದು. ನಾನು ಮೊದಲು ಮಾತನಾಡುವುದು ಐದು ನಿಮಿಷ; ರಾಗದ ಹೆಸರು, ಯಾರ ಶಿಷ್ಯರು, ಎಷ್ಟು ಹೊತ್ತು, ಇಷ್ಟೇ. ಮೊಬೈಲುಗಳು ಹೆಬ್ಬಾಗಿಲಿನ ಹತ್ತಿರದ ಬುಟ್ಟಿಯಲ್ಲಿ. ಧ್ವನಿಮುದ್ರಣದ ಪ್ರತಿ ಯಾರಿಗೂ ಇಲ್ಲ, ಪೆನ್ ಡ್ರೈವ್ ತಂದರೂ ಇಲ್ಲ. ಇದಕ್ಕೆ ನನ್ನ ಮೇಲೆ ಸಿಟ್ಟಾದವರಿದ್ದಾರೆ. ಆದರೆ ಮನೆಯ ಕ್ಯಾಸೆಟ್ಟುಗಳನ್ನು ನಂಬಿ ಕೊಟ್ಟವರಿಗೆ ನಾನು ಕೊಟ್ಟ ಮಾತದು. ಎಲ್ಲೂ ಸಿಗದ್ದು ಇಲ್ಲಿ ಮಾತ್ರ ಕೇಳಸಿಗುತ್ತದೆ ಎಂದಾಗ ಜನ ಘಟ್ಟ ಹತ್ತಿ ಬರುತ್ತಾರೆ ಎಂಬುದನ್ನೂ ಕಂಡಿದ್ದೇನೆ.

ಸಲಕರಣೆಗೆ ಆದ ಖರ್ಚು: ಹುಬ್ಬಳ್ಳಿಯಲ್ಲಿ ಹಳೆಯ ಕ್ಯಾಸೆಟ್ ಡೆಕ್ ಮೂರೂವರೆ ಸಾವಿರ, ಅದರ ಬೆಲ್ಟು-ರೋಲರ್ ರಿಪೇರಿಗೆ ಇನ್ನೊಂದು ಸಾವಿರದಷ್ಟು, ಆಂಪ್ಲಿಫೈಯರ್ ಆರು, ಸ್ಪೀಕರ್ ಜೋಡಿ ಒಂಬತ್ತು ಸಾವಿರ, ಎಲ್ಲ ಬಳಸಿದ ಮಾಲೇ. 20 ಸಾವಿರದಲ್ಲಿ ಮುಗಿಯಿತು. ಸಭಾಂಗಣಗಳಿಗೆ ಸುರಿದದ್ದೂ ಹೆಚ್ಚುಕಡಿಮೆ ಅಷ್ಟೇ. ಸ್ಪೀಕರನ್ನು ಜನರತ್ತ ತಿರುಗಿಸಿ ಇಡುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಹೇಗೆ ಇಡುತ್ತೇನೆ ಎಂಬುದನ್ನು ಬಂದು ನೋಡಿ.

ನಮ್ಮ ಸೀಮೆಯಲ್ಲಿ ಕ್ಯಾಸೆಟ್ಟಿನ ದೊಡ್ಡ ಶತ್ರು ಬೂಸು. ನಾಲ್ಕು ತಿಂಗಳ ಮಳೆಯಲ್ಲಿ ಮೆತ್ತಿನ (ಅಟ್ಟದ) ಮೇಲಿನ ಟ್ರಂಕಿನಲ್ಲಿದ್ದ ಟೇಪಿನ ಅಂಚಿಗೆಲ್ಲ ಬಿಳಿ ಪುಡಿ ಹಿಡಿದಿರುತ್ತದೆ. ಅದನ್ನು ಹಾಗೆಯೇ ಡೆಕ್ಕಿಗೆ ಹಾಕಿದರೆ ಟೇಪನ್ನು ಓದುವ ಹೆಡ್ಡೂ ಹಾಳು, ಮುಂದಿನ ಕ್ಯಾಸೆಟ್ಟಿಗೂ ಅಂಟು. ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಹತ್ತು-ಹದಿನೈದು ದಿನ ಇಟ್ಟು, ತಿರುಪು ಬಿಚ್ಚಿ ಟೇಪಿನ ಸುರುಳಿಯನ್ನು ಹೊಸ ಚಿಪ್ಪಿಗೆ ವರ್ಗಾಯಿಸಿ, ಮೆತ್ತನೆಯ ಬಟ್ಟೆಯ ನಡುವೆ ಹಾಯಿಸುತ್ತಾ ನಿಧಾನವಾಗಿ ಒಂದು ಸಲ ಸುತ್ತುತ್ತೇನೆ. ತಿರುಪಿಲ್ಲದ, ಅಂಟಿಸಿದ ಚಿಪ್ಪುಗಳನ್ನು ಒಡೆದೇ ತೆಗೆಯಬೇಕು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಪ್ರತಿ ಕ್ಯಾಸೆಟ್ಟಿಗೂ ಹೊಂದಿಸಬೇಕು. ಕೂದಲೆಳೆಯಷ್ಟು ತಿರುಗಿಸಿದರೆ ಮಸುಕಾಗಿದ್ದ ತಂಬೂರಿಯ ಜವಾರಿ, ತಂತಿಯ ಆ ಝೇಂಕಾರ, ಎದ್ದು ಬರುತ್ತದೆ. ಶ್ರುತಿಯನ್ನೂ ನೋಡಬೇಕು. ಡೆಕ್ ಓಡುವ ವೇಗ ತಪ್ಪಿದ್ದರೆ ಗಾಯಕರ ಷಡ್ಜ (ಆಧಾರದ ‘ಸ’) ಸಂವಾದಿನಿಯ, ಅಂದರೆ ಹಾರ್ಮೋನಿಯಮ್ಮಿನ, ಎರಡು ಮನೆಗಳ ನಡುವೆ ನಿಲ್ಲುತ್ತದೆ. ಸಾಥಿಗೆ ಸಂವಾದಿನಿ ಇದ್ದ ಕಛೇರಿಯಾದರೆ, ಮನೆಯ ಸಂವಾದಿನಿಯನ್ನು ಪಕ್ಕದಲ್ಲಿಟ್ಟುಕೊಂಡು ಮೋಟಾರಿನ ಹಿಂದಿನ ತಿರುಪಿನಿಂದ ಸರಿಮಾಡುತ್ತೇನೆ. ಸರಿಯಾದಾಗ ಧ್ವನಿಗೆ ತೂಕ ಬರುತ್ತದೆ. ಗರಗರ ಸದ್ದನ್ನು ಎಷ್ಟು ತೆಗೆಯಬೇಕು, ಎಲ್ಲಿ ಬಿಡಬೇಕು ಎಂಬುದು ನನ್ನ ಕೈಯಲ್ಲೇ ಇರಲಿ.

ಇವುಗಳಲ್ಲಿ ಹೆಚ್ಚಿನವು ಆಕಾಶವಾಣಿಯಿಂದ ಹಿಡಿದವು. ಶನಿವಾರ ರಾತ್ರಿ 9.30ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ರೇಡಿಯೋ ಮುಂದೆ ಕ್ಯಾಸೆಟ್ ಸಿದ್ಧವಾಗಿಟ್ಟು ಕಾಯುತ್ತಿದ್ದ ಹಿರಿಯರು ನಮ್ಮಲ್ಲಿ ಮನೆಮನೆಯಲ್ಲಿದ್ದರು. 90 ನಿಮಿಷದ ಕ್ಯಾಸೆಟ್ಟಿನಲ್ಲಿ 45 ನಿಮಿಷಕ್ಕೆ ಮಗುಚಬೇಕು; ಆ ಅರ್ಧ ನಿಮಿಷದ ಹಾಡು ಹೋಗಿರುತ್ತದೆ. ಆ ಜಾಗವನ್ನು ಜೋಡಿಸಿ ಮುಚ್ಚುವುದಿಲ್ಲ, ಮೌನವಾಗಿ ಬಿಡುತ್ತೇನೆ. ಬೈಠಕ್ಕಿನಲ್ಲಿ ಆ ಅರ್ಧ ನಿಮಿಷ ಯಾರೂ ಕೆಮ್ಮುವುದೂ ಇಲ್ಲ.

ಮಳೆಗಾಲದ ಬಗ್ಗೆ ಒಂದು ಮಾತು. ತಗಡಿನ ಮಾಡಿನ ಕೆಳಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಏನೂ ಕೇಳುವುದಿಲ್ಲ. ಹಂಚಿನ ಮಾಡು, ಅದರ ಕೆಳಗೆ ಹಲಗೆಯ ಮೆತ್ತು ಇರುವ ಹಳೆಯ ಮನೆಗಳನ್ನು ಆ ನಾಲ್ಕು ತಿಂಗಳಿಗೇ ಕಾದಿರಿಸಿದ್ದೇವೆ. ಕರೆಂಟು ಹೋಗುವುದು ಖಂಡಿತ, ಇನ್ವರ್ಟರ್ ಇರಲೇಬೇಕು.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಮೂರು ನಿಮಿಷದ ಗ್ರಾಮಫೋನ್ ತಟ್ಟೆಯೊಂದನ್ನು, ಆಗ ಅವರ ಹೆಸರು ಗಾಂಧಾರಿ ಎಂದು ಅಚ್ಚಾಗುತ್ತಿತ್ತು, ಹೆಸರು ಹೇಳದೆ ಕೇಳಿಸಿದೆ. ಎಳೆಯ, ತೆಳುವಾದ ಹೆಣ್ಣುಧ್ವನಿ. ಮುಂದೆ ಅವರದೇ ವಯಸ್ಸಾದ ಕಾಲದ ಕಛೇರಿ, ಆ ಗಟ್ಟಿ ಗಂಡುಕಂಠ. ಎರಡೂ ಒಬ್ಬರದೇ ಎಂದಾಗ ಜಗುಲಿಯಲ್ಲಿ ದೊಡ್ಡ ಗದ್ದಲ. ನಂಬದವರಿಗೆ ಅವರ ಧ್ವನಿಯನ್ನು ಬದಲಿಸಿದ ಗಂಟಲಿನ ಶಸ್ತ್ರಚಿಕಿತ್ಸೆಯ ಕತೆ ಹೇಳಬೇಕಾಯಿತು. ಇನ್ನೊಂದು ತಿಂಗಳು ಶುದ್ಧ ಕಲ್ಯಾಣ ರಾಗ: ಗಂಗೂಬಾಯಿಯವರದ್ದು ಮೊದಲು, ಭೀಮಸೇನ ಜೋಶಿಯವರದ್ದು ಆಮೇಲೆ. ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು. ಒಂದೇ ಮನೆಯ ಪಾಠ ಎರಡು ಗಂಟಲುಗಳಲ್ಲಿ ಏನಾಗುತ್ತದೆ ಎಂಬುದಕ್ಕೆ ವಿವರಣೆಯೇ ಬೇಕಾಗಲಿಲ್ಲ. ಬೆಳಗಿನ ಜಾವ 5ಕ್ಕೆ ಲಲಿತ್ ರಾಗ ಇಟ್ಟದ್ದೂ ಉಂಟು. ಹತ್ತು-ಹನ್ನೆರಡು ಜನ ಬಂದರು, ಹಾಲು ಹಾಕಿದ ಕಷಾಯ ಕುಡಿದು ಕೇಳಿದರು. ಜನ ಕಡಿಮೆಯಾದರೂ ಅದನ್ನು ಬಿಡುವುದಿಲ್ಲ. ಹೊಸಬರಿಗೆ ಮೊದಲ ಮೂರು ತಿಂಗಳು ಯಾವ ಧ್ವನಿಮುದ್ರಣಗಳನ್ನು, ಯಾವ ಕ್ರಮದಲ್ಲಿ ಕೇಳಿಸುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ. ಅದನ್ನು ಹುಡುಕಲು ವರ್ಷಗಳೇ ಹಿಡಿದಿವೆ.

ಧ್ವನಿಮುದ್ರಣ ಕೇಳಿಸಿ ಕೇಳಿಸಿ ಜನರನ್ನು ಎದುರಿನ ಕಛೇರಿಯಿಂದ ದೂರ ಮಾಡುತ್ತೀರಿ ಎಂಬ ಆಕ್ಷೇಪವೂ ಇತ್ತು. ಆದದ್ದು ಇದು: ಕಳೆದ ಚಳಿಗಾಲದಲ್ಲಿ ಇದೇ ಕೇಳುಗರು ಸೇರಿ ಧಾರವಾಡದ ಕಡೆಯ ಯುವ ಗಾಯಕರೊಬ್ಬರನ್ನು ಕರೆಸಿದೆವು. ದೊಡ್ಡ ಜಗುಲಿ, ಮೈಕ್ ಇಲ್ಲವೇ ಇಲ್ಲ. ತಲೆಗೆ 300 ರೂಪಾಯಿ, 80ರ ಹತ್ತಿರ ಜನ. ಮೂರು ಮನೆಯವರು ಬೇರೆಯಾಗಿ 12 ಸಾವಿರ ಕೂಡಿಸಿದರು. ಕಲಾವಿದರ ಮೂವರ ಗೌರವಧನ 28 ಸಾವಿರ, ವಾಹನಕ್ಕೆ ನಾಲ್ಕೂವರೆ, ಚಿಲ್ಲರೆ ಖರ್ಚು ಒಂದೂವರೆ. ಊಟಕ್ಕೆ ಅಕ್ಕಿ, ಕಾಯಿ, ಅಪ್ಪೆಹುಳಿಗೆ ಮಿಡಿ ಎಲ್ಲ ಮನೆಗಳಿಂದಲೇ ಬಂತು. ಎರಡು ಸಾವಿರ ಉಳಿಯಿತು. ನಮ್ಮ ತಾಲೂಕಿನಲ್ಲಿ ಹೊರಗಿನ ಪ್ರಾಯೋಜಕರಿಲ್ಲದೆ, ಭಾಷಣವಿಲ್ಲದೆ, ಸನ್ಮಾನವಿಲ್ಲದೆ ಶಾಸ್ತ್ರೀಯ ಕಛೇರಿಯೊಂದು ತನ್ನ ಖರ್ಚನ್ನು ತಾನೇ ಹೊತ್ತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಾಯಕರು ತಂಬೂರಿ ಸೇರಿಸಲು ಹತ್ತು ನಿಮಿಷ ತೆಗೆದುಕೊಂಡರು, ಒಂದು ಪಿಸುಮಾತೂ ಏಳಲಿಲ್ಲ. ಅದನ್ನು ಕಂಡು ಅವರೇ ಒಂದು ಕ್ಷಣ ತಲೆಯೆತ್ತಿ ಎಲ್ಲರನ್ನೂ ನೋಡಿದರು.

ಈಗ ಕಾರವಾರದಲ್ಲಿ ಶುರುವಾಗಿದೆ. ಅಲ್ಲಿನವರಿಗೆ ಮರಾಠಿ ನಾಟ್ಯಗೀತೆ, ಅಭಂಗದ ರುಚಿ ಮೊದಲೇ ಇದೆ, ಕೆಲಸ ಅರ್ಧ ಹಗುರ. ಅಲ್ಲಿಗೆ ಬೇರೆಯೇ ಸಾಲು ಮಾಡಿದ್ದೇನೆ. ಗೋವೆಯ ಕೇರಿ ಎಂಬ ಊರಿನ ಗಾಯಕಿ ಕೇಸರಬಾಯಿ ಕೇರಕರ್ ಮತ್ತು ಕುರ್ಡಿಯ ಮೋಗೂಬಾಯಿ ಕುರ್ಡೀಕರ್ ಕಲಿತದ್ದು ಜಯಪುರ ಘರಾಣೆಯನ್ನು ಕಟ್ಟಿದ ಅಲ್ಲಾದಿಯಾ ಖಾನರಲ್ಲಿ; ನಮ್ಮ ಮನ್ಸೂರರು ಕಲಿತದ್ದು ಆ ಖಾನರ ಮಕ್ಕಳಾದ ಮಂಜೀ ಖಾನ್ ಮತ್ತು ಬುರ್ಜೀ ಖಾನರಲ್ಲಿ. ಗೋವೆಯ ಗಡಿಗೆ ಹತ್ತಿಕೊಂಡಿರುವ ಕಾರವಾರದಲ್ಲಿ ಇವರನ್ನೆಲ್ಲ ಒಟ್ಟಿಗೆ ಕೇಳದೆ ಇನ್ನೆಲ್ಲಿ ಕೇಳಬೇಕು? 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಕಳಿಸಿದ ಕೇಸರಬಾಯಿಯವರ ಭೈರವಿಯಿಂದ ಶುರು ಮಾಡಿದೆವು; ಶಾಲೆಗೆ ಹೋಗುವ ಮಕ್ಕಳೂ ಕೂತು ಕೇಳಿದರು. ಮುಂದಿನದು ಮೋಗೂಬಾಯಿ, ಅದರ ಮುಂದೆ ಅವರ ಮಗಳು ಕಿಶೋರಿ ಅಮೋಣಕರ್.

ಅಂಕೋಲಾ, ಕುಮಟಾ, ಹೊನ್ನಾವರದ ಯಾರ ಮನೆಯ ಮೆತ್ತಿನಲ್ಲಾದರೂ ಗಾಯಕ ಬಸವರಾಜ ರಾಜಗುರುಗಳ ಅಥವಾ ಮನ್ಸೂರರ ಖಾಸಗಿ ಬೈಠಕ್ಕಿನ ಕ್ಯಾಸೆಟ್ ಇದ್ದರೆ ದಯವಿಟ್ಟು ಒರೆಸಬೇಡಿ, ಬಿಸಿಲಿಗೆ ಇಡಬೇಡಿ, ಯಾವ ಟೇಪ್ ರೆಕಾರ್ಡರಿಗೂ ಹಾಕಿ ನೋಡಬೇಡಿ. ಸಿಲಿಕಾ ಜೆಲ್ ಜೊತೆ ಡಬ್ಬಿಗೆ ಹಾಕಿ ಮುಚ್ಚಿಡಿ. ಡೆಕ್ ಹಿಡಿದುಕೊಂಡು ನಾನೇ ಘಟ್ಟ ಇಳಿದು ಬರುತ್ತೇನೆ. ಕ್ಯಾಸೆಟ್ ನಿಮ್ಮ ಮನೆ ಬಿಟ್ಟು ಹೊರಗೆ ಹೋಗುವುದು ಬೇಡ.