ಕೋನವನ್ನು ತಿರುವೆಂದು ಕಲಿಸತೊಡಗಿದ ಮೇಲೆ

ಒಂದೇ ಬಿಂದುವಿನಿಂದ ಹೊರಟ ಎರಡು ಕಿರಣಗಳಿಂದ ಉಂಟಾಗುವ ಆಕೃತಿಯೇ ಕೋನ ಎಂದು ನಾನು ಶಾಲೆಯಲ್ಲಿ ಕಂಠಪಾಠ ಮಾಡಿದ್ದೆ. ಆ ವ್ಯಾಖ್ಯೆಯಲ್ಲಿ ತಪ್ಪಿಲ್ಲ; ಆದರೆ ಅದನ್ನೇ ಆರನೆಯ ತರಗತಿಗೆ ಹೇಳಿಕೊಡಲು ನಿಂತಾಗ, ಕೋನದಲ್ಲಿ ನಾವು ಅಳೆಯುವುದು ಏನನ್ನು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲವೆಂಬುದು ಅರಿವಾಯಿತು. ಒಮ್ಮೆ ಹಲಗೆಯ ಮೇಲೆ 40° ಅಳತೆಯ ಎರಡು ಕೋನಗಳನ್ನು, ಒಂದರ ಬಾಹುಗಳು ಮೊಳದುದ್ದ, ಇನ್ನೊಂದರವು ಗೇಣುದ್ದ ಇರುವಂತೆ ಎಳೆದು, ದೊಡ್ಡದು ಯಾವುದೆಂದು ಕೇಳಿದಾಗ, ಹೆಚ್ಚುಕಡಿಮೆ ಇಡೀ ತರಗತಿ ಮೊಳದುದ್ದದ್ದನ್ನೇ ತೋರಿಸಿತು.

ಅಂದಿನಿಂದ ನಾನು ಚಿತ್ರ ಬಿಡಿಸುವುದನ್ನು ಆಮೇಲಕ್ಕೆ ಇಟ್ಟುಕೊಂಡು, ರಟ್ಟಿನ ಎರಡು ಪಟ್ಟಿಗಳನ್ನು ತುದಿಯಲ್ಲಿ ಪಿನ್ನಿನಿಂದ ಜೋಡಿಸಿ, ಒಂದನ್ನು ಅಲುಗಾಡದಂತೆ ಹಿಡಿದು ಇನ್ನೊಂದನ್ನು ತಿರುಗಿಸುವುದರಿಂದ ಪಾಠ ಆರಂಭಿಸುತ್ತೇನೆ. ಕಾಲು ಸುತ್ತು ತಿರುಗಿದರೆ ಲಂಬಕೋನ, ಅರ್ಧ ಸುತ್ತಿಗೆ ಸರಳಕೋನ, ಪೂರ್ತಿ ಸುತ್ತಿಗೆ 360°. ಅನಂತರ ಒಂದು ಪಟ್ಟಿಯನ್ನು ಎಲ್ಲರ ಕಣ್ಣೆದುರಿಗೇ ಅರ್ಧಕ್ಕೆ ಕತ್ತರಿಸಿ, ತಿರುವು ಕಡಿಮೆಯಾಯಿತೇ ಎಂದು ಕೇಳುತ್ತೇನೆ. ಇಷ್ಟಾದ ಮೇಲೆ ಬಾಹುಗಳ ಉದ್ದದ ಮಾತು ಮತ್ತೆ ಬರುವುದು ಅಪರೂಪ.

ಕೋನಮಾಪಕದ ತೊಡಕು ಬೇರೆಯೇ. ಅದರಲ್ಲಿ ಎದುರುಬದುರಾಗಿ ಸಾಗುವ ಎರಡು ಸಾಲು ಅಂಕಿಗಳಿರುವುದರಿಂದ 50° ಇರುವಲ್ಲಿ 130° ಎಂದು ಓದುವುದು ತೀರ ಸಾಮಾನ್ಯ. ಅಳೆಯುವ ಮೊದಲೇ ಅದು ಲಂಬಕೋನಕ್ಕಿಂತ ಚಿಕ್ಕದೋ ದೊಡ್ಡದೋ ಎಂದು ಬಾಯಿಬಿಟ್ಟು ಹೇಳಿಸುವ ರೂಢಿಯೊಂದೇ ಇದಕ್ಕೆ ಮದ್ದೆಂದು ನನ್ನ ಅಭಿಪ್ರಾಯ. ಇನ್ನೊಂದು ಸಂಗತಿ ನನಗೇ ತಡವಾಗಿ ಕಣ್ಣಿಗೆ ಬಿತ್ತು: ಎಷ್ಟೋ ಕೋನಮಾಪಕಗಳಲ್ಲಿ ಸೊನ್ನೆಯ ಗೆರೆ ಅಂಚಿಗಿಂತ ತುಸು ಮೇಲಿರುತ್ತದೆ, ಗೆರೆಯ ಬದಲು ಅಂಚನ್ನೇ ಬಾಹುವಿಗೆ ತಾಗಿಸುವ ಮಕ್ಕಳ ಉತ್ತರ ಕೆಲವು ಡಿಗ್ರಿ ತಪ್ಪುತ್ತದೆ.

ತ್ರಿಭುಜದ ಮೂರು ಮೂಲೆಗಳನ್ನು ಹರಿದು ಪಕ್ಕಪಕ್ಕದಲ್ಲಿಟ್ಟು 180° ತೋರಿಸುವ ಚಟುವಟಿಕೆಯನ್ನೂ ಮಾಡಿಸುತ್ತೇನೆ. ಅದು ಸಾಧನೆಯಲ್ಲ (ತರ್ಕದಿಂದ ಕೊಡುವ ರುಜುವಾತಲ್ಲ), ಸಾಧನೆಗೆ ಸಮಾಂತರ ರೇಖೆ ಮತ್ತು ಪರ್ಯಾಯ ಕೋನಗಳು (ಸಮಾಂತರ ರೇಖೆಗಳನ್ನು ಕತ್ತರಿಸುವ ಗೆರೆಯ ಎರಡು ಬದಿಗೆ, ಆ ರೇಖೆಗಳ ನಡುವೆ ಉಂಟಾಗುವ ಸಮ ಕೋನಗಳು) ಬೇಕು ಎಂದು ಸೇರಿಸಲು ಮರೆಯುವುದಿಲ್ಲ.

ನಾನೇ ಮುಗ್ಗರಿಸಿದ್ದು ಒಂದು ದಿನ ಅಂಗಳದಲ್ಲಿ. ಸಮಬಾಹು ತ್ರಿಭುಜದ ಪ್ರತಿ ಕೋನವೂ 60° ಆದ್ದರಿಂದ, ನಾಲ್ಕು ಹೆಜ್ಜೆ ನಡೆದು 60° ತಿರುಗು, ಮತ್ತೆ ನಾಲ್ಕು ಹೆಜ್ಜೆ ನಡೆ ಎಂದು ಒಬ್ಬ ಹುಡುಗಿಗೆ ಸೂಚನೆ ಕೊಡುತ್ತಾ, ಅವಳ ದಾರಿಯನ್ನು ಸೀಮೆಸುಣ್ಣದಿಂದ ಗುರುತಿಸುತ್ತಾ ಹೋದೆ. ಮೂರನೆಯ ಬಾಹು ಮುಗಿದಾಗ ಅವಳು ಹೊರಟ ಸ್ಥಳಕ್ಕೆ ಸೇರುವ ಬದಲು ಅದರಿಂದ ಎಂಟು ಹೆಜ್ಜೆ ದೂರದಲ್ಲಿ ನಿಂತಿದ್ದಳು. ನಡೆದ ಗೆರೆಯನ್ನು ಮೂಲೆಯಿಂದ ಮುಂದಕ್ಕೆ ಎಳೆದು ನೋಡಿದಾಗಲೇ, ನಡೆಯುವವರು ತಿರುಗಬೇಕಾದದ್ದು ಒಳಗಿನ 60° ಅಲ್ಲ, ಅದರೊಡನೆ ಸರಳಯುಗ್ಮವಾಗುವ, ಅಂದರೆ ಪಕ್ಕದಲ್ಲೇ ಸೇರಿ 180° ಆಗುವ, ಹೊರಗಿನ 120° ಎಂಬುದು ನಮ್ಮೆಲ್ಲರಿಗೂ ಕಂಡಿತು. ಹುಡುಗಿ ಮಾತ್ರ ನಿಲ್ಲಲೊಪ್ಪದೆ ನನ್ನ ತಪ್ಪು ಸೂಚನೆಯಂತೆಯೇ ಇನ್ನೂ ಮೂರು ಬಾಹು ನಡೆದು ಹೊರಟಲ್ಲಿಗೇ ಬಂದು ಸೇರಿದಳು. ಅಂಗಳದಲ್ಲಿ ಮೂಡಿದ್ದುದು ನಿಯಮಿತ ಷಡ್ಭುಜ.